ಲಾಮಾ ಕ್ಯಾಂಪಿನ ಬಾಗಿಲಲ್ಲಿ

ಮನುಷ್ಯನಿಗೆ ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲಿನ ಮೇಲೆಯೇ ಮೋಹ ಹೆಚ್ಚು. ತೆರೆದ ಬಾಗಿಲಿನ ಮುಂದೆ ದಿನಾಲು ಹಾಯ್ದುಹೋದರೂ ಆತ ಒಳಗೆ ಇಣಿಕಿ ನೋಡುವದಿಲ್ಲ. ಅದೇ ಬಾಗಿಲನ್ನು ಯಾರಾದರೂ ಒಳಗಿನಿಂದ ಮುಂದಕ್ಕೆ ಹಾಕಿಕೊಂಡರೆ ಸಾಕು, ಓಣಿಯವರೆಲ್ಲರಿಗೂ ಅಲ್ಲಿ ಏನಾದರೊಂದು ಕೆಲಸ ಹುಟ್ಟುತ್ತದೆ. ಬಾಗಿಲ ಹಿಂದೆ ಇರುವದು ದೇವರಾದರಂತೂ ಕೇಳುವದೇ ಬೇಡ. ಒಬ್ಬ ಅಲ್ಲಿ ಬಂಗಾರವಿದೆ ಎನ್ನುತ್ತಾನೆ, ಇನ್ನೊಬ್ಬ ಮಾಟವಿದೆ ಎನ್ನುತ್ತಾನೆ. ನಮ್ಮ ಕಾಲದಲ್ಲಿ ಇವರಿಬ್ಬರ ಜೊತೆಗೆ ಮೂರನೆಯವನೊಬ್ಬ ಬಂದು ನಿಂತಿದ್ದಾನೆ. ಅವನ ಕೈಯಲ್ಲಿ ಕ್ಯಾಮರಾ ಇದೆ. ‘ನಾನು ಕಂಡದ್ದನ್ನು ಕಂಡ ಹಾಗೆ ತೋರಿಸುತ್ತೇನೆ’ ಎಂಬುದು ಆತನ ಮಾತು. ಸಾಕ್ಷ್ಯಚಿತ್ರ ಎಂಬುದು ಆತನ ಕಸಬು. ಹಾಗೆ ತೋರಿಸುವ ಹಕ್ಕು ಆತನಿಗೆ ಎಲ್ಲಿಯವರೆಗೆ ಇದೆ ಎಂಬ ವಿಚಾರ ಕಳೆದೊಂದು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಅದನ್ನೇ ಇಲ್ಲಿ ಗೆಳೆಯರ ಮುಂದೆಯೂ ಗುರುಗಳ ಮುಂದೆಯೂ ಇಡುತ್ತಿದ್ದೇನೆ.

ನನ್ನ ಊರು ಕಲಘಟಗಿ ತಾಲೂಕಿನ ತಂಬೂರ. ಬಸವಣ್ಣನ ಹಳೆಯ ಗುಡಿ, ಕೆರೆ, ಕಾಡು, ಗೋವಿನಜೋಳದ ಹೊಲಗಳು, ಇಷ್ಟು ಹೇಳಿದರೆ ನಮ್ಮೂರ ವರ್ಣನೆ ಮುಗಿಯಿತು. ತಾಲೂಕಿನ ಗಡಿ ದಾಟಿದರೆ ಉತ್ತರ ಕನ್ನಡದ ಮುಂಡಗೋಡ. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, ನೆಲೆ ಕಳೆದುಕೊಂಡು ಬಂದ ಟಿಬೇಟಿಯನ್ನರಿಗೆ ಅಲ್ಲಿ ಭೂಮಿ ದೊರೆಯಿತು. ಲ್ಹಾಸಾ ಪಟ್ಟಣದ ಆಸುಪಾಸಿನಲ್ಲಿ ಶತಮಾನಗಳಿಂದ ಇದ್ದ ಗಾದೆನ್, ದ್ರೆಪುಂಗ್ ಎಂಬ ಮಹಾಮಠಗಳು ಕೆಲವೇ ವರ್ಷಗಳಲ್ಲಿ ನಮ್ಮ ಮಗ್ಗುಲಿಗೆ ಮತ್ತೆ ತಲೆಯೆತ್ತಿದವು. ನಮ್ಮ ಜನ ಅದಕ್ಕೆಲ್ಲ ಸೇರಿಸಿ ‘ಲಾಮಾ ಕ್ಯಾಂಪ್’ ಎಂದು ಹೆಸರಿಟ್ಟರು. ಅವರು ಚಳಿಗಾಲದಲ್ಲಿ ಹುಬ್ಬಳ್ಳಿಗೆ ಬಂದು ಸ್ವೆಟರು ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಬಸ್ಸಿನಲ್ಲಿ ಮೆರೂನು ಬಣ್ಣದ ಅರಿವೆಯ ಸನ್ಯಾಸಿ ಪಕ್ಕದಲ್ಲಿ ಕೂತರೆ ತುಸು ಸರಿದು ಜಾಗ ಕೊಡುತ್ತೇವೆ. ಸುಮಾರು ಅರವತ್ತು ವರ್ಷದ ನೆರೆಹೊರೆ ಇಷ್ಟಕ್ಕೇ ಮುಗಿದಿದೆ.

ನನ್ನ ಅಪ್ಪ ಗೌಂಡಿ. ಮಠದ ಕಟ್ಟಡಗಳು ಏಳುವಾಗ ಆತ ಅಲ್ಲಿ ಎರಡು ಮಳೆಗಾಲ ಕೆಲಸ ಮಾಡಿದ್ದಾನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲಿನ ಫೀಯಲ್ಲಿ ಲಾಮಾ ಕ್ಯಾಂಪಿನ ಕೂಲಿಯ ಪಾಲೂ ಇದೆ. ಒಮ್ಮೆ ಆತನನ್ನು ಕೇಳಿದೆ: “ಅಪ್ಪಾ, ಆ ದೊಡ್ಡ ಗುಡಿಯೊಳಗ ಅವರು ಏನು ಮಾಡ್ತಾರ?”

“ಗ್ವಾಡಿ ಕಟ್ಟಾಕ ಕರದಿದ್ರು, ಕಟ್ಟಿ ಬಂದೆ. ಕೂಲಿ ಸರಿಯಾಗಿ ಕೊಟ್ರು. ಉಪ್ಪು ಹಾಕಿದ ಚಹಾನೂ ಕೊಟ್ರು, ಅದೊಂದು ಕುಡಿಯಾಕ ಆಗಲಿಲ್ಲ. ಒಳಗಿಂದು ಅವರದು, ನಮಗ್ಯಾಕ?”

ಗೋಡೆ ಕಟ್ಟಿದವನಿಗೇ ಒಳಗಿನದು ಗೊತ್ತಿಲ್ಲವೆಂದ ಮೇಲೆ ಕಟ್ಟೆಯ ಮೇಲೆ ಕೂತು ಮಾತಾಡುವವರ ಗತಿ ಏನು? ಆದರೆ ಕಟ್ಟೆಯವರು ಅಪ್ಪನಷ್ಟು ಸುಮ್ಮನಿರುವವರಲ್ಲ. ಅಲ್ಲಿ ಭೂತವನ್ನು ಪೂಜಿಸುತ್ತಾರೆ, ಸತ್ತವರನ್ನು ಎಬ್ಬಿಸುತ್ತಾರೆ ಎಂದು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ಇದರಲ್ಲೊಂದು ಸೋಜಿಗವಿದೆ. ಪರದೇಶದವರು ಆ ಕ್ಯಾಂಪಿನಲ್ಲಿ ಉಳಿಯಬೇಕಾದರೆ ಕೇಂದ್ರ ಸರ್ಕಾರದ ಗೃಹ ಖಾತೆಯಿಂದ ವಿಶೇಷ ಪರವಾನಗಿ ಪಡೆಯಬೇಕು. ತಂಬೂರಿನವನಿಗೆ ಬಸ್ಸಿನ ತಿಕೀಟು ಸಾಕು. ಹೀಗಿದ್ದೂ ಪರವಾನಗಿ ಬೇಕಾದವರು ಸಮುದ್ರ ದಾಟಿ ಬಂದು ಒಳಗೆ ಹೋಗಿ ನೋಡಿದರು. ತಿಕೀಟು ಸಾಕಾದವರು ಹೊರಗೆ ನಿಂತು ಕಥೆ ಕಟ್ಟಿದೆವು.

ನನ್ನ ಕಣ್ಣು ತೆರೆಸಿದ್ದು ಒಂದು ಚಿತ್ರ. ರಿತು ಸರೀನ್ ಮತ್ತು ತೆನ್ಜಿಂಗ್ ಸೋನಮ್ ಎಂಬ ದಂಪತಿಗಳು 1991ರಲ್ಲಿ ‘ದಿ ರೀಇನ್‌ಕಾರ್ನೇಷನ್ ಆಫ್ ಖೆನ್ಸುರ್ ರಿನ್ಪೊಚೆ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ದಕ್ಷಿಣ ಭಾರತದ ಟಿಬೇಟಿಯನ್ ಮಠವೊಂದರಲ್ಲಿ ಹಿರಿಯ ಲಾಮಾ ಒಬ್ಬರು ತೀರಿಕೊಂಡಿದ್ದಾರೆ. ಅವರ ಸೇವೆಯಲ್ಲಿದ್ದ ಶಿಷ್ಯ, ನಡುವಯಸ್ಸು ದಾಟುತ್ತಿರುವ ಸನ್ಯಾಸಿ, ತನ್ನ ಗುರು ಮತ್ತೆಲ್ಲಿ ಹುಟ್ಟಿದ್ದಾನೆಂದು ಹುಡುಕುತ್ತಾನೆ. ಕಡೆಗೆ ನಾಲ್ಕು ವರ್ಷದ ಹುಡುಗನೊಬ್ಬ ದೊರೆಯುತ್ತಾನೆ. ನಮ್ಮ ಕಟ್ಟೆಯವರು ‘ಸತ್ತವರನ್ನು ಎಬ್ಬಿಸುತ್ತಾರೆ’ ಎಂದದ್ದು ಇದನ್ನೇ ಇರಬೇಕು! ಚಿತ್ರದಲ್ಲಿ ಮಾಟವೂ ಇಲ್ಲ, ಮಂತ್ರದ ಆರ್ಭಟವೂ ಇಲ್ಲ. ನಿನ್ನೆಯವರೆಗೆ ಗುರುವಿನ ಮುಂದೆ ತಲೆ ತಗ್ಗಿಸಿ ನಿಂತವನು ಇಂದು ಅದೇ ಗುರುವೆಂದು ನಂಬಿದ ತುಂಟ ಮಗುವನ್ನು ತಾಯಿಯಂತೆ ಸಾಕಬೇಕಾಗಿ ಬಂದ ಪರಿ ಇದೆ. ಪುನರ್ಜನ್ಮ ನಿಜವೋ ಸುಳ್ಳೋ ಎಂದು ಚಿತ್ರ ವಾದಿಸುವದಿಲ್ಲ. ನಂಬಿದವನ ಮುಖವನ್ನು ಸಾವಧಾನದಿಂದ ನೋಡುತ್ತದೆ, ಅಷ್ಟೆ. ಸೋನಮ್ ಅವರು ಟಿಬೇಟಿಯನ್ ನಿರಾಶ್ರಿತರ ಮನೆಯಲ್ಲಿ ಹುಟ್ಟಿದವರು. ಒಳಗಿನ ಭಾಷೆ ಬಲ್ಲವರಿಗೆ ಬಾಗಿಲು ತೆರೆಯಿತು ಎಂದು ನನ್ನ ಎಣಿಕೆ.

ಹದಿನೇಳು ವರ್ಷಗಳ ನಂತರ ಬೇರೆ ಬಗೆಯ ಕ್ಯಾಮರಾಗಳು ಮುಂಡಗೋಡಕ್ಕೆ ಬಂದವು. ದೋರ್ಜೆ ಶುಗ್ದೆನ್ ಎಂಬ ರಕ್ಷಕ ದೇವತೆಯನ್ನು ಕೆಲವು ಸನ್ಯಾಸಿಗಳು ತಲೆಮಾರುಗಳಿಂದ ಪೂಜಿಸುತ್ತಿದ್ದರು. ಒಂದು ಕಾಲಕ್ಕೆ ದಲಾಯಿ ಲಾಮಾ ಅವರೂ ಪೂಜಿಸಿದವರೇ. ಮುಂದೆ ಈ ಪೂಜೆ ಪಂಥಪಂಥಗಳಲ್ಲಿ ಒಡಕು ತರುತ್ತದೆಂದು ಅವರು ಅದನ್ನು ಬಿಟ್ಟರು, 1996ರಿಂದ ಬಿಡಬೇಕೆಂದು ಇತರರಿಗೂ ಖಂಡಿತವಾಗಿ ಹೇಳಿದರು. 2008ರಲ್ಲಿ ಗಾದೆನ್ ಮಠದಲ್ಲಿ ಆ ಪೂಜೆಯನ್ನು ಬಿಡಲೊಪ್ಪದವರು ಬೇರೆಯಾಗಿ ‘ಶಾರ್ ಗಾದೆನ್’ ಎಂಬ ಮಠ ಮಾಡಿಕೊಂಡರು. ಅದೇ ವರ್ಷ ಅಲ್ ಜಜೀರಾ, ಫ್ರಾನ್ಸ್ 24 ಮುಂತಾದ ಪರದೇಶದ ಟೀವಿಯವರು ಈ ಜಗಳವನ್ನು ಜಗತ್ತಿಗೆ ತೋರಿಸಿದರು. ‘ನಮ್ಮ ಧರ್ಮಸ್ವಾತಂತ್ರ್ಯ ಹೋಯಿತು’ ಎಂದು ಒಂದು ಪಕ್ಷ, ‘ಇದು ನಮ್ಮ ಐಕ್ಯದ ಪ್ರಶ್ನೆ’ ಎಂದು ಇನ್ನೊಂದು ಪಕ್ಷ. ಇಬ್ಬರಿಗೂ ನೋವಿತ್ತು, ಇಬ್ಬರ ಮಾತನ್ನೂ ಕೇಳಬೇಕಾಗಿತ್ತು. ಆದರೆ ಟೀವಿಗೆ ಇರುವದು ಅರ್ಧ ತಾಸಿನ ವ್ಯವಧಾನ. ಅಷ್ಟರಲ್ಲಿ ನೂರಾರು ವರ್ಷದ ಮಾತನ್ನು ಮುಗಿಸಬೇಕಾದರೆ ಒಬ್ಬ ಕಳ್ಳ, ಒಬ್ಬ ಸಾಚಾ ಬೇಕಾಗುತ್ತಾರೆ. ನೋಡುವವನು ಯಾರನ್ನು ಕಳ್ಳನೆಂದು ತಿಳಿಯಬೇಕೆಂಬುದನ್ನು ಕ್ಯಾಮರಾ ಇಟ್ಟ ಜಾಗವೇ ತೀರ್ಮಾನಿಸಿಬಿಡುತ್ತದೆ.

ಇದನ್ನೆಲ್ಲ ಓದಿ, ನೋಡಿ, ನಾನೂ ಒಂದು ಚಿತ್ರ ಮಾಡಬೇಕೆಂಬ ಹುರುಪು ನನಗೆ ಬಂದಿತು. ಗೆಳೆಯನ ಮೊಬೈಲು, ನನ್ನ ಧೈರ್ಯ, ಇಷ್ಟೇ ಬಂಡವಾಳ. ಬಸ್ಸು ಹತ್ತಿ ಹೋದೆವು. ನಮ್ಮದೇ ವಯಸ್ಸಿನ ಸನ್ಯಾಸಿಯೊಬ್ಬ ಎದುರಾದ. ಈ ನೆಲದಲ್ಲೇ ಹುಟ್ಟಿದವನು, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ಸ್ವಾಮಿಗಳೇ ಎನ್ನಬೇಕೋ ದೋಸ್ತ ಎನ್ನಬೇಕೋ ತಿಳಿಯದೆ ಎರಡನ್ನೂ ಬಿಟ್ಟು ನಮಸ್ಕಾರ ಮಾಡಿದೆ. ಆತ ಹಿರಿಯರನ್ನು ಕೇಳಿ ಬಂದು ಅಂಗಳಕ್ಕೆ ಕರೆದೊಯ್ದ. ಅಲ್ಲಿ ತರ್ಕದ ಪಾಠ ನಡೆದಿತ್ತು. ಉತ್ತರ ಕೊಡುವವನು ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುತ್ತಲೇ ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಉತ್ತರವನ್ನು ಒತ್ತಾಯಿಸುತ್ತಾನೆ. ನಮ್ಮ ಮೌಖಿಕ ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಅರ್ಧ ತರಗತಿ ಕಿಟಕಿಯಿಂದ ಜಿಗಿದೀತು! ‘ಗೆಶೆ’ ಎಂಬ ಪದವಿಗೆ ಸುಮಾರು ಇಪ್ಪತ್ತು ವರ್ಷ ಓದಬೇಕೆಂದು ಆತ ಹೇಳಿದಾಗ ನನ್ನ ಬಿ.ಎ. ನನಗೇ ಸಣ್ಣದೆನಿಸಿತು.

ತರ್ಕದ ಅಂಗಳ, ಅಡಿಗೆಮನೆ, ಸಣ್ಣ ಹುಡುಗರ ಚೆಂಡಾಟ, ದೊಡ್ಡ ಸಭಾಮಂದಿರ, ಎಲ್ಲವನ್ನೂ ಚಿತ್ರಿಸಲು ಬಿಟ್ಟರು. ರಕ್ಷಕ ದೇವತೆಗಳ ಕೋಣೆಯ ಮುಂದೆ ಮಾತ್ರ ಆತ ಕೈ ಅಡ್ಡ ಹಿಡಿದ. “ಇದು ಬ್ಯಾಡ. ದೀಕ್ಷೆ ಕೊಡೂದೂ ಬ್ಯಾಡ. ಅದು ತಗೊಂಡವರಿಗೆ ಅಷ್ಟ.” ನಾನು ಯಾಕೆಂದೆ. “ನೋಡಿದ್ರ ತಿಳಿಯೂದಿಲ್ಲ, ತಪ್ಪು ತಿಳೀತದ” ಎಂದ. ನಗುತ್ತಲೇ ಹೇಳಿದ, ಆದರೆ ಕೈ ತೆಗೆಯಲಿಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮ ಆಯಿ ಆ ಸನ್ಯಾಸಿಯ ಪರವಾಗಿಯೇ ಮಾತಾಡಿದಳು. “ಅಯ್ಯನವರು ನನ್ನ ಕಿವ್ಯಾಗ ಹೇಳಿದ್ದು ನಿಮ್ಮ ಮುತ್ತ್ಯಾಗೂ ನಾ ಹೇಳಿಲ್ಲ. ಕದ್ದದ್ದಂತ ಮುಚ್ಚಿಟ್ಟೀನೇನು? ಬೀಜ ಮಣ್ಣಾಗ ಇರಬೇಕಪಾ. ತೋರ್ಸಂತ ದಿನಾ ಕೆದರಿದ್ರ ಮೊಳಕಿ ಒಡೀತದೇನು?” ಲಿಂಗದೀಕ್ಷೆಯಲ್ಲಿ ಗುರು ಕಿವಿಯಲ್ಲಿ ಉಸುರುವದು ಪಂಚಾಕ್ಷರಿ ಎಂಬುದು ಊರಿಗೆಲ್ಲ ಗೊತ್ತು, ಪಂಚಾಂಗದಲ್ಲಿಯೂ ಅಚ್ಚಾಗಿರುತ್ತದೆ. ಹಾಗಾದರೆ ಗುಟ್ಟು ಎಲ್ಲಿದೆ? ಅಕ್ಷರದಲ್ಲಿಲ್ಲ, ಒಬ್ಬರು ಒಬ್ಬರಿಗೆ ಕೊಟ್ಟ ರೀತಿಯಲ್ಲಿದೆ. ಅದನ್ನು ಯಾವ ಕ್ಯಾಮರಾವೂ ಹಿಡಿಯಲಾರದು. ಹಿಡಿದೆನೆಂದವನು ಬರಿಯ ಕಿವಿಯನ್ನು ಹಿಡಿದಿರುತ್ತಾನೆ.

ಹಾಗೆಂದು ಎಲ್ಲ ಮುಚ್ಚಿದ ಬಾಗಿಲಿಗೂ ಕೈ ಮುಗಿದು ಬರಬೇಕೆ? ಇಲ್ಲಿ ನನ್ನ ಮನಸ್ಸು ಬಿಡದಿಯ ಕಡೆಗೆ ಹೊರಳುತ್ತದೆ. ಬೆಂಗಳೂರ ಬಳಿಯ ಆ ಊರಿನಲ್ಲಿದ್ದ ನಿತ್ಯಾನಂದ ಸ್ವಾಮಿಯ ಆಶ್ರಮವನ್ನು ಕುರಿತು 2022ರಲ್ಲಿ ‘ಮೈ ಡಾಟರ್ ಜಾಯಿನ್ಡ್ ಎ ಕಲ್ಟ್’ ಎಂಬ ಮೂರು ಭಾಗದ ಸಾಕ್ಷ್ಯಚಿತ್ರ ಬಂದಿತು. ಆಶ್ರಮ ಬಿಟ್ಟು ಬಂದವರೂ ಮಕ್ಕಳನ್ನು ಅಲ್ಲಿ ಕಳೆದುಕೊಂಡೆವೆಂದ ಹೆತ್ತವರೂ ಅದರಲ್ಲಿ ಮಾತಾಡಿದ್ದಾರೆ. ಸ್ವಾಮಿಯ ಮೇಲೆ 2010ರಲ್ಲಿ ಅತ್ಯಾಚಾರದ ಮೊಕದ್ದಮೆ ದಾಖಲಾಗಿತ್ತು. ಆತ ಆರೋಪಗಳನ್ನು ಅಲ್ಲಗಳೆದರು. 2019ರ ಹೊತ್ತಿಗೆ ದೇಶವನ್ನೇ ಬಿಟ್ಟುಹೋದ ಸುದ್ದಿ ಬಂದಿತು. ನ್ಯಾಯ ಹೇಳುವದು ಕೋರ್ಟಿನ ಕೆಲಸ, ನನ್ನದಲ್ಲ. ಆದರೆ ಮಗಳನ್ನು ನೋಡಬೇಕೆಂದು ಗೇಟಿನ ಹೊರಗೆ ನಿಂತ ತಂದೆತಾಯಿಗೆ ‘ಒಳಗಿನದು ಅವರದು, ನಮಗ್ಯಾಕ’ ಎನ್ನಲು ಬಂದೀತೆ? ಅಲ್ಲಿ ಕ್ಯಾಮರಾ ಬಾಗಿಲು ಬಡಿಯಲೇಬೇಕು.

ಈ ಎರಡು ಬಾಗಿಲುಗಳನ್ನು ಎದುರುಬದುರು ಇಟ್ಟು ನೋಡಿದಾಗ ನನಗೊಂದು ಅಳತೆಗೋಲು ಸಿಕ್ಕಂತಾಯಿತು. ಗುಟ್ಟು ಇದೆಯೋ ಇಲ್ಲವೋ ಎಂದು ಕೇಳುವದಕ್ಕಿಂತ, ಆ ಗುಟ್ಟು ಯಾರನ್ನು ಕಾಯುತ್ತಿದೆ ಎಂದು ಕೇಳಬೇಕು. ಆಯಿಯ ಗುಟ್ಟು ಆಯಿಯ ಭಕ್ತಿಯನ್ನು ಕಾಯುತ್ತದೆ. ಅದರಿಂದ ಯಾರ ಮಗುವೂ ಕಾಣೆಯಾಗುವದಿಲ್ಲ. ಆಕೆ ಬೇಕೆಂದಾಗ ಎದ್ದು ಹೊರಗೆ ಬರಬಲ್ಲಳು. ಒಳಗೆ ಹೋದವನಿಗೆ ಹೊರಗೆ ಬರಲು ದಾರಿ ಇರುವಲ್ಲಿ ಹೊರಗಿನವನು ತಾಳ್ಮೆಯಿಂದ ನಿಲ್ಲುವದು ಮರ್ಯಾದೆ. ಬಲ್ಲಿದನ ತಪ್ಪನ್ನು ಕಾಯುವ ಗುಟ್ಟಿನ ಮುಂದೆ ಅದೇ ತಾಳ್ಮೆ ಹೇಡಿತನವಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನು ಸಾಕ್ಷ್ಯಚಿತ್ರ ಮಾಡಲಿಕ್ಕಿಲ್ಲ; ತಮಾಷೆ ಮಾಡಿಯಾನು.

ನಮ್ಮ ಚಿತ್ರ ಹತ್ತು ನಿಮಿಷದ್ದಾಯಿತು. ಆ ಕೋಣೆ ಅದರಲ್ಲಿಲ್ಲ; ಮುಚ್ಚಿದ ಕದ ಒಂದು ಗಳಿಗೆ ಕಾಣುತ್ತದೆ. ಮೊದಲು ಮಠಕ್ಕೆ ಒಯ್ದು ತೋರಿಸಿದೆವು. ಆ ಸನ್ಯಾಸಿ ಎರಡು ಕಡೆ ನಮ್ಮ ವಿವರಣೆಯನ್ನು ತಿದ್ದಿದ. ಆಮೇಲೆ ನಮ್ಮ ಪಡಸಾಲೆಯಲ್ಲಿ ಓಣಿಯವರನ್ನು ಕೂಡಿಸಿ ತೋರಿಸಿದೆ. ಸತ್ತವರನ್ನು ಎಬ್ಬಿಸುವದು ಎಲ್ಲಿ ಎಂದು ಒಬ್ಬರು ಕೇಳಿದರು. ಅಪ್ಪ ಮಾತ್ರ ಸಭಾಮಂದಿರದ ದೃಶ್ಯ ಬಂದಾಗ ಮೊಬೈಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಸಾಲಾಗಿ ಕೂತು ಓದುವ ನೂರಾರು ಸನ್ಯಾಸಿಗಳನ್ನು ಆತ ಅಂದೇ ಮೊದಲು ಕಂಡದ್ದು. “ಗಿಲಾವ್ ಇನ್ನೂ ಬಿರುಕು ಬಿಟ್ಟಿಲ್ಲ” ಎಂದ. ತುಸು ತಡೆದು, “ಇಷ್ಟ ಮಂದಿ ಕುಂತು ಓದತಾರನು ಅದರಾಗ!” ಎಂದ.

ಗೆಳೆಯರೇ, ನಮ್ಮ ಊರುಗಳ ಸುತ್ತ ಇಂಥ ಬಾಗಿಲುಗಳು ಎಷ್ಟೋ ಇವೆ. ಬಸ್ಸಿನ ತಿಕೀಟಿಗೆ ಸಿಗುವಷ್ಟು ಹತ್ತಿರ ಇವೆ. ಮೊದಲು ಹೋಗಿ ನಮಸ್ಕಾರ ಹೇಳೋಣ. ಕ್ಯಾಮರಾ ಚೀಲದಲ್ಲಿ ಇರಲಿ. ಅದನ್ನು ತೆಗೆಯುವ ಹೊತ್ತು ಯಾವುದೆಂದು ಒಳಗಿನವರ ಮುಖ ನೋಡಿದರೆ ತಿಳಿಯುತ್ತದೆ.