ನಗದು ಪೇಟೆಗೆ, ಉದ್ರಿ ಊರಿಗೆ

ಕಿರಾಣಿ ಅಂಗಡಿಯ ಗೋಡೆಯಲ್ಲಿ ಮೇಲೆ ಲಕ್ಷ್ಮಿಯ ಪಟ, ಅದರ ಕೆಳಗೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು, ಬೋರ್ಡಿನ ಕೆಳಗೊಂದು ಮೊಳೆ, ಮೊಳೆಗೆ ಜೋತುಬಿದ್ದ ಉದ್ರಿ ಪುಸ್ತಕ. ಮೂರನ್ನೂ ಹೀಗೆ ಸಾಲಾಗಿ ತೂಗುಹಾಕಿದ ಶೆಟ್ಟರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಬೋರ್ಡು ಹಾದಿಹೋಕರಿಗೆ, ಪುಸ್ತಕ ಊರವರಿಗೆ. ಯಾರಿಗೆ ಯಾವುದು ಅನ್ವಯ ಎಂಬುದು ಇಬ್ಬರಿಗೂ ಗೊತ್ತಿರುವುದರಿಂದ ಈ ವಿಷಯಕ್ಕೆ ಜಗಳವಾದದ್ದನ್ನು ನಾನಂತೂ ಕಂಡಿಲ್ಲ.

ನಮ್ಮೂರು ಎಮ್ಮಿಗನೂರು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಆಂಧ್ರದ್ದು. ಕರ್ನೂಲು ಜಿಲ್ಲೆಯ ಆ ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿ ಹೆಸರು ಮಾಡಿದರು, ಪದ್ಮಶ್ರೀಯೂ ಬಂತು. ನಮ್ಮದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು. ಇಲ್ಲಿ ನೇಯುವುದು ಕಡಿಮೆ, ನಾಟಿ ಹಚ್ಚುವುದು ಹೆಚ್ಚು. ತುಂಗಭದ್ರೆಯ ಬಲದಂಡೆಯ ಕೆಳಮಟ್ಟದ ಕಾಲುವೆ ನಮ್ಮ ಸೀಮೆಯ ಭತ್ತಕ್ಕೆ ನೀರುಣಿಸಿ, ಸಿರುಗುಪ್ಪ ದಾಟಿ, ಆದೋನಿಯ ಕಡೆ ಹೊರಟು ಆ ಎಮ್ಮಿಗನೂರಿನ ನೆಲವನ್ನೂ ಮುಟ್ಟುತ್ತದೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಯಜಮಾನಿಕೆ ಹೊತ್ತುಕೊಂಡಿತು. ಕಂಪ್ಲಿ, ಸಂಡೂರುಗಳ ಜೊತೆ ನಾವು ಬಳ್ಳಾರಿಯಲ್ಲೇ ಉಳಿದೆವು. ಜಿಲ್ಲೆ ಬೇರೆಯಾದರೂ ದುಡ್ಡು ಹರಿಯುವ ದಾರಿ ಮಾತ್ರ ಬದಲಾಗಲಿಲ್ಲ. ಆ ದಾರಿಯ ಬಗ್ಗೆಯೇ ನನ್ನ ಮಾತು.

ಮೊದಲು ಆ ಪುಸ್ತಕವನ್ನು ಮೊಳೆಯಿಂದ ಇಳಿಸಿ ನೋಡೋಣ. ಉದ್ದನೆಯದು, ಕೆಂಪು ಬಟ್ಟೆಯ ರಟ್ಟು, ಬೆನ್ನಿಗೆ ಕಟ್ಟಿದ ದಾರದ ತುದಿಯಲ್ಲಿ ಮೊಂಡು ಪೆನ್ಸಿಲು. ಎಣ್ಣೆ ಅಳೆದ ಕೈ, ಬೆಲ್ಲ ಒಡೆದ ಕೈ ಎರಡೂ ತಿರುವಿಹಾಕಿದ್ದರಿಂದ ಹಾಳೆಗಳ ಮೂಲೆ ಪಾರದರ್ಶಕವಾಗಿರುತ್ತದೆ. ಹೆಸರುಗಳು ಆಧಾರ್ ಕಾರ್ಡಿನಲ್ಲಿ ಇರುವಂಥವಲ್ಲ. ‘ಕಾಲುವೆ ದಂಡಿ ಮನಿ’, ‘ಟ್ರ್ಯಾಕ್ಟರ್ ಮಾವ’, ‘ಮೂಲಿಮನಿ ಸಣ್ಣ ಸೊಸಿ’. ಅವುಗಳ ಕೆಳಗೆ ಸಕ್ರಿ ಅರ್ಧ, ಟೀಪುಡಿ ಒಂದು, ಬಟ್ಟಿ ಸೋಪು ಎರಡು. ದುಡ್ಡು ಮುಟ್ಟಿದ ದಿನ ಪುಟಕ್ಕೆ ಅಡ್ಡಡ್ಡ ಒಂದು ಗೀಟು. ಶೆಟ್ಟರು ಆ ಗೀಟು ಎಳೆಯುವಾಗ ನೋಡಬೇಕು, ಪೆನ್ಸಿಲ್ ಮುರಿಯುವಷ್ಟು ಒತ್ತುತ್ತಾರೆ. ಕೆಲವು ಮನೆಗಳಿಗೆ ಎರಡೆರಡು ಪುಟ. ಒಂದು ಯಜಮಾನರದ್ದು. ಇನ್ನೊಂದು ಮನೆಯಾಕೆಯದ್ದು, ‘ಇದನ್ನ ಅವ್ರಿಗೆ ಹೇಳಬ್ಯಾಡ್ರಿ ಶೆಟ್ರೆ’ ಎಂದು ಪಿಸುಗುಟ್ಟಿ ಬರೆಸಿದ್ದು. ತವರಿನವರು ಬಂದಾಗಿನ ರವೆ, ಮಗಳಿಗೆ ಕದ್ದು ಕೊಟ್ಟ ತುಪ್ಪ, ಹೀಗೆ. ಆ ಪುಟದ ಗುಟ್ಟು ಈ ಪುಟಕ್ಕೆ ಎಂದೂ ದಾಟಿಲ್ಲ. ಬ್ಯಾಂಕುಗಳು ಗ್ರಾಹಕರ ಗೌಪ್ಯತೆಯ ಬಗ್ಗೆ ಗೋಡೆಗೆ ಹಚ್ಚುವ ಕಾಗದ ಓದಿದಾಗಲೆಲ್ಲ ನನಗೆ ಈ ಎರಡನೆಯ ಪುಟ ನೆನಪಾಗುತ್ತದೆ.

ಈ ಉದ್ರಿಗೆ ಬಡ್ಡಿ ಇಲ್ಲ. ಅದಕ್ಕೆ ಇರುವುದು ಗಡುವು, ಆ ಗಡುವನ್ನು ಹಾಕುವುದು ಕ್ಯಾಲೆಂಡರ್ ಅಲ್ಲ, ಕಾಲುವೆ. ಕಾಲುವೆಗೆ ನೀರು ಬಿಟ್ಟರೆ ಪುಸ್ತಕ ತೆರೆಯುತ್ತದೆ, ಭತ್ತ ಲಾರಿ ಹತ್ತಿದರೆ ಮುಚ್ಚುತ್ತದೆ. ಗೊಬ್ಬರ-ಔಷಧಿ ಅಂಗಡಿಗಳ ಉದ್ರಿಯ ಜಾತಿಯೇ ಬೇರೆ. ಅಲ್ಲಿ ಬಡ್ಡಿಯೂ ಉಂಟು, ಬೆಳೆ ತಮಗೇ ಕೊಡಬೇಕೆಂಬ ಹಂಗೂ ಉಂಟು. ಅದನ್ನು ಹೊಗಳಲು ನಾನು ತಯಾರಿಲ್ಲ. ನಾನು ಹೇಳುತ್ತಿರುವುದು ಸಕ್ಕರೆ-ಚಾಪುಡಿಯ, ರಿಪೇರಿಯ, ಹೊಲಿಗೆಯ ಸಣ್ಣ ಉದ್ರಿಯನ್ನು. 

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಟಿವಿಯವರು ನದಿಪಾತ್ರದ ಕಡೆ ಕ್ಯಾಮೆರಾ ತಿರುಗಿಸಿದರು. ಸರಿಯೇ, ಕಂಪ್ಲಿಯ ಸೇತುವೆ ಮುಳುಗುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಮರುದಿನ ಅಂಗಡಿಕಟ್ಟೆಯ ಮೇಲೆ ಕೂತವರ ಮಾತು ಹರಿದುಹೋಗುವ ನೀರಿನದ್ದಾಗಿರಲಿಲ್ಲ, ಉಳಿಯುವ ನೀರಿನದ್ದಾಗಿತ್ತು. ಅಣೆಕಟ್ಟೆ ಬರಿದಾದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಗೀಟು ಇಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಒಂದು ವಾರದೊಳಗೆ ಆ ಬಾಯಿಗೆ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಕೂರಿಸಿದರಲ್ಲ, ಅವತ್ತು ರೈತರಷ್ಟೇ ನಿರಾಳವಾಗಿ ಉಸಿರುಬಿಟ್ಟವರು ಕಿರಾಣಿಯವರು. ಮಾರನೆಯ ವರ್ಷ ಎಲ್ಲ 33 ಗೇಟು ಬದಲಿಸಬೇಕೆಂದು ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಗೇಟು ಬದಲಿಸಲೇಬೇಕಿತ್ತು, ಅದಕ್ಕೆ ಎದುರಾಡುವಂತಿಲ್ಲ. ಪರಿಹಾರ ಎಷ್ಟು, ಎಕರೆಗೆ ಎಷ್ಟು ಎಂದು ಚರ್ಚೆಗಳಾದವು. ಬೇಸಿಗೆ ಬೆಳೆಯ ಭರವಸೆಯ ಮೇಲೆ ಸಕ್ಕರೆ ತೂಗಿಕೊಟ್ಟವರ ಎಕರೆ ಎಷ್ಟು ಎಂದು ಕೇಳಿದವರನ್ನು ನಾನು ನೋಡಲಿಲ್ಲ.

ಹಾಗಾದರೆ ಭತ್ತ ಮಾರಿದ ದುಡ್ಡು ಕೈಗೆ ಬಂದ ವಾರ ಏನಾಗುತ್ತದೆ? ಶರ್ಟಿಗೆ ಇಸ್ತ್ರಿ ಬೀಳುತ್ತದೆ. ಕಂಪ್ಲಿಗೋ ಹೊಸಪೇಟೆಗೋ ಬಳ್ಳಾರಿಗೋ ಬಸ್ಸು ಹತ್ತುತ್ತೇವೆ. ಅಲ್ಲಿ ತಣ್ಣಗೆ ಎ.ಸಿ. ಹಾಕಿದ ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಹಿಡಿದು, ಬೇಕಾದ್ದು ಬೇಡಾದ್ದು ತುಂಬಿ, ಸರದಿಯಲ್ಲಿ ನಿಂತು, ಚೌಕಾಸಿಯ ಸೊಲ್ಲೆತ್ತದೆ, ಕೈಚೀಲಕ್ಕೂ ಬೇರೆ ದುಡ್ಡು ಕೊಟ್ಟು ಹೊರಗೆ ಬರುತ್ತೇವೆ. ಊರಿನ ಅಂಗಡಿಯಲ್ಲಿ ಒಂದು ರೂಪಾಯಿಗೆ ದನಿ ಏರಿಸುವ ಅದೇ ನಾಲಿಗೆ ಅಲ್ಲಿ ಎಷ್ಟು ಸಂಭಾವಿತ! ಬಿಲ್ಲಿನ ಕೊನೆಯಲ್ಲಿ ‘ನೀವು ಇಷ್ಟು ಉಳಿಸಿದ್ದೀರಿ’ ಎಂದು ಅಚ್ಚಾಗಿರುತ್ತದೆ. ಅದನ್ನು ಮನೆಯವರಿಗೆಲ್ಲ ಓದಿ ಹೇಳುತ್ತೇವೆ. ಬಸ್ ಚಾರ್ಜು, ಅಲ್ಲಿ ಉಂಡ ಊಟ, ಮಗು ಹಟ ಮಾಡಿದ ಪ್ಲಾಸ್ಟಿಕ್ ಕಾರು ಆ ಲೆಕ್ಕದಲ್ಲಿ ಬರುವುದಿಲ್ಲ. ದುಡ್ಡು ಮುಗಿಯುತ್ತದೆ, ತಿಂಗಳು ಮುಗಿಯುವುದಿಲ್ಲ. ಆಗ ಮತ್ತೆ ಮೊಳೆಯ ಕಡೆ ಕಣ್ಣು. ನಗದು ಪೇಟೆಗೆ, ಉದ್ರಿ ಊರಿಗೆ. ಸಣ್ಣ ಊರಿನ ಅಂಗಡಿ ಸೊರಗುವುದು ಬೆಲೆಯಲ್ಲಿ ಸೋತು ಅಲ್ಲ, ಈ ಹಂಚಿಕೆಯಿಂದ ಎಂಬುದು ನನ್ನ ವಾದ.

ಊರಿನ ಅಂಗಡಿಯವರು ದೇವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೋದ ದೀಪಾವಳಿಯ ಬಿಸ್ಕತ್ತು ಈ ಯುಗಾದಿಗೂ ಡಬ್ಬಿಯಲ್ಲಿರುತ್ತದೆ. ಕೇಳಿದ್ದು ಇಲ್ಲದಿದ್ದರೆ ‘ನಾಳಿಗೆ ಬರ್ತೈತೆ’ ಎನ್ನುತ್ತಾರೆ, ಆ ನಾಳೆಗೂ ಬೋರ್ಡಿನ ಮೇಲಿನ ನಾಳೆಗೂ ನಂಟಸ್ತಿಕೆ ಇದೆ.

ಆದರೆ ಸೂಪರ್ ಮಾರ್ಕೆಟ್ಟಿನ ಕಪಾಟಿನಲ್ಲಿ ಸಿಗದ್ದೂ ಕೆಲವುಂಟು. ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ಅರ್ಧ ತಾಸು ನಿಂತವರಿಗೆ ಗೊತ್ತು. ನಾಟಿಯ ದಿನಗಳಲ್ಲೇ ಮೋಟರಿಗೆ ಸುಟ್ಟುಹೋಗುವ ಚಟ. ಮೇಸ್ತ್ರಿ ಅದನ್ನು ಬಿಚ್ಚಿ, ಕರಕಲಾದ ಸುತ್ತುಗಳನ್ನು ಕತ್ತರಿಸಿ ಎಳೆದು, ಒಂದೊಂದು ಕಾಯ್ಲಿನಲ್ಲಿ ಎಷ್ಟು ಸುತ್ತು ಇತ್ತೆಂದು ಎಣಿಸಿ ಗೋಡೆಯ ಮೇಲೇ ಬರೆದುಕೊಳ್ಳುತ್ತಾನೆ. ಗೋಡೆ ತುಂಬ ಹಳೆಯ ಮೋಟರುಗಳ ಜಾತಕ. ಹೊಸ ತಾಮ್ರದ ತಂತಿಯನ್ನು ಮರದ ಅಚ್ಚಿನ ಮೇಲೆ ಸುತ್ತಿ, ಸ್ಲಾಟುಗಳಲ್ಲಿ ಕಾಗದ ತೂರಿಸಿ, ಕಾಯ್ಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ, ದಾರದಿಂದ ಹೊಲಿದು, ವಾರ್ನಿಷ್ ಸುರಿದು ಒಣಗಿಸುತ್ತಾನೆ. ಹೊಸ ವಾರ್ನಿಷ್ಷಿನ ಆ ಘಾಟು ನನಗೆ ಯಾಕೋ ಬಲು ಇಷ್ಟ. ಇಷ್ಟೆಲ್ಲ ನಡೆಯುವಾಗ ರೈತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ‘ಸಸಿ ಬಾಡ್ತಾವಪ್ಪ, ಇವತ್ತ ಆಗಬೇಕು’ ಎಂದು ಹೇಳುತ್ತಲೇ ಇರುತ್ತಾನೆ. ಮೇಸ್ತ್ರಿಗೆ ಆ ಹೊಲ ಗೊತ್ತು, ಮಡಿ ಗೊತ್ತು, ಹಿಂದಿನ ಬಿಲ್ಲು ಬಾಕಿ ಇರುವುದೂ ಗೊತ್ತು. ಸಂಜೆ ಮೋಟರು ಗೊರ್ ಎಂದರೆ ಅವನು ಮೊದಲು ಕೇಳುವುದು ದುಡ್ಡಲ್ಲ, ‘ನೀರು ಏರಿತೇನ್ ಮಾವ?’

ಇನ್ನು ಒಗ್ಗರಣೆ-ಮಿರ್ಚಿಯ ಹೋಟೆಲು. ಬೇರೆ ಕಡೆಯವರಿಗೆ ಒಗ್ಗರಣೆ ಎಂದರೆ ಸಾಸಿವೆ ಸಿಡಿಸುವುದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಅದು ಒಂದು ಪೂರ್ತಿ ನಾಷ್ಟ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಈರುಳ್ಳಿ-ಅರಿಶಿನದ ಬಾಣಲೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ಹಿಂಡುವುದರಲ್ಲಿ ಇರುವುದು ಎಲ್ಲ. ಸಡಿಲಾದರೆ ಮುದ್ದೆ, ಬಿಗಿಯಾದರೆ ಹೊಟ್ಟು. ಮಿರ್ಚಿಗೆ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ ಉಪ್ಪು-ಅಜವಾನ ಸವರಿ, ಕಡ್ಲೆಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಾರೆ. ಮುಂಜಾನೆ ಏಳಕ್ಕೆ ಹೊಲಕ್ಕೆ ಹೊರಟ ಆಳುಗಳು, ಶಾಲೆಗೆ ಬಂದ ಮೇಷ್ಟ್ರು, ಡ್ಯೂಟಿ ಇಳಿದ ಲೈನ್‌ಮ್ಯಾನ್ ಎಲ್ಲರೂ ಒಂದೇ ಬೆಂಚಿನ ಮೇಲೆ. ಊರಿನ ಸುದ್ದಿ ಬೇಯುವುದೂ ಅದೇ ಬಾಣಲೆಯಲ್ಲಿ. ಯಾರ ಟ್ರ್ಯಾಕ್ಟರ್ ಮಾರಾಟಕ್ಕಿದೆ, ಯಾವ ಟೇಲರು ಹೇಳಿದ ದಿನಕ್ಕೇ ಬ್ಲೌಸು ಕೊಡುತ್ತಾನೆ (ಇದು ಸುದ್ದಿಯೇ ಸರಿ), ಯಾರ ಕೈಗುಣ ಬೋರಿನ ಪಂಪಿಗೆ ಒಳ್ಳೆಯದು, ಎಲ್ಲ ಅಲ್ಲೇ ತಿಳಿಯುತ್ತದೆ.

ಅಂಗಡಿಗೆ ನಿಜವಾದ ಪ್ರಚಾರವೂ ಅಲ್ಲೇ. ಫ್ಲೆಕ್ಸ್ ಎಂಬುದು ಬಂದ ಮೇಲೆ ಅಂಗಡಿ ತೆರೆಯುವುದು ಚುನಾವಣೆಗೆ ನಿಂತಷ್ಟೇ ಸಂಭ್ರಮದ ಕೆಲಸವಾಗಿದೆ. ಮಾಲೀಕನ ದೊಡ್ಡ ಮುಖ, ಸುತ್ತಲೂ ‘ಶುಭ ಕೋರುವವರು’ ಎಂದು ತಂಪು ಕನ್ನಡಕದ ಗೆಳೆಯರ ಬಳಗ. ಅಂಗಡಿ ಯಾವುದರದ್ದು ಎಂಬುದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ. ಮೊದಲು ಪೇಂಟರು ಏಣಿ ಹತ್ತಿ, ಸೀಮೆಸುಣ್ಣದ ದಾರ ಹೊಡೆದು ಗೆರೆ ಹಾಕಿಕೊಂಡು, ಅಕ್ಷರಕ್ಕೊಂದು ನೆರಳು ಕೊಟ್ಟು ಬರೆಯುತ್ತಿದ್ದ. ಶುಭ ಕೋರಿದ ಗೆಳೆಯರಲ್ಲಿ ಎಷ್ಟು ಜನ ಅಲ್ಲಿಗೇ ಗಿರಾಕಿಯಾಗಿ ಬರುತ್ತಾರೆ ಎಂದು ಆರು ತಿಂಗಳು ಬಿಟ್ಟು ಮಾಲೀಕನನ್ನು ಕೇಳಿದರೆ ಅವನು ಮಾತು ಬದಲಿಸುತ್ತಾನೆ.

ಪೇಟೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಬಜಾರುಗಳನ್ನು ಕಣ್ಣರಳಿಸಿ ನೋಡಿ ಬರೆದಿಟ್ಟ. ಮುತ್ತು-ರತ್ನದ ಮಾತು ಎಲ್ಲರಿಗೂ ನೆನಪಿದೆ. ನನಗೆ ಹೆಚ್ಚು ಹಿತವಾಗುವುದು ಹಜಾರರಾಮ ಗುಡಿಯ ಹತ್ತಿರದ ಪಾನ್ ಸುಪಾರಿ ಬಜಾರ್. ಎಲೆ-ಅಡಿಕೆಗೆ ಒಂದು ಬಜಾರು! ಈಗ ಅಲ್ಲಿ ಕಲ್ಲಿನ ಸಾಲು ಮಾತ್ರ. ವಿರೂಪಾಕ್ಷನ ಗುಡಿಯ ಮುಂದಿನ ರಥಬೀದಿಯಲ್ಲಿ ಹಾಗಿರಲಿಲ್ಲ. ಹಳೆಯ ಮಂಟಪಗಳಲ್ಲೇ ಮನೆ, ಅಂಗಡಿ, ಚಹಾ, ಸೈಕಲ್ ಬಾಡಿಗೆ ಎಲ್ಲ ನಡೆದಿತ್ತು. 2011ರ ಜುಲೈ 29ರಂದು ಬುಲ್ಡೋಜರ್ ಬಂದು ಅದನ್ನೆಲ್ಲ ತೆರವು ಮಾಡಿತು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಸ್ಮಾರಕಕ್ಕೆ ಸುಣ್ಣ ಬಳಿದು ಶೆಟರ್ ಹಾಕುವುದು ಸರಿಯೆಂದು ನಾನು ಹೇಳುವುದಿಲ್ಲ. ಆದರೂ ಸತ್ತ ಬಜಾರು ತೋರಿಸಲಿಕ್ಕೆ ಜೀವಂತ ಬಜಾರನ್ನು ಎತ್ತಿಹಾಕಿದ್ದು ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಸಂಡೂರಿನವರ ಅದೃಷ್ಟ ಸ್ವಲ್ಪ ಮೇಲು. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ತಾಂಡಾದ ಹೆಣ್ಣುಮಕ್ಕಳು ಹೊಲಿದ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನಿಸ್ ದಾಖಲೆಯನ್ನೂ ಮಾಡಿದರು. ಕನ್ನಡಿ ಚೂರು, ಕವಡೆ ಹಚ್ಚಿದ ಚೀಲ ಹಡಗು ಹತ್ತಿ ಹೋಗಬಲ್ಲದು. ನಮ್ಮ ಮೇಸ್ತ್ರಿಯ ಹೆಬ್ಬೆರಳನ್ನು, ಶೆಟ್ಟರ ಎರಡನೆಯ ಪುಟವನ್ನು ಎಲ್ಲಿಗೆ ಕಳಿಸುವುದು? ಅವು ಇಲ್ಲೇ ಚಲಾವಣೆಯಾಗಬೇಕಾದ ನಾಣ್ಯ.

ಈಗ ಉದ್ರಿ ಪುಸ್ತಕದ ಪಕ್ಕಕ್ಕೆ ಕ್ಯೂಆರ್ ಕೋಡೂ ಬಂದು ಕೂತಿದೆ. ಹುಡುಗರು ಐದು ರೂಪಾಯಿಯ ಶಾಂಪೂಗೂ ಫೋನು ಎತ್ತುತ್ತಾರೆ, ಹಣ ಬಂತೆಂದು ಡಬ್ಬಿ ಕೂಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತಲ್ಲ, ಹಾವೇರಿಯ ತರಕಾರಿಯವರೊಬ್ಬರಿಗೆ ಲಕ್ಷಗಟ್ಟಲೆ ತೆರಿಗೆ ಕಟ್ಟಲು ಹೇಳಿದ ಸುದ್ದಿ ಬಂತಲ್ಲ, ಆಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಾಗದ ಕಿತ್ತು ‘ನಗದು ಮಾತ್ರ’ ಎಂದು ಬರೆದುಹಾಕಿದರು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಎಂಬ ಮಾತು ಆಗ ಎಲ್ಲರ ಬಾಯಲ್ಲಿ. ನಮ್ಮ ಶೆಟ್ಟರು ಮೊಳೆಯ ಪುಸ್ತಕ ತೋರಿಸಿ, ‘ಇದನ್ನ ಸ್ಕ್ಯಾನ್ ಮಾಡಾಕ ಬಂದ್ರ ಬರ್ಲಿ, ವಸೂಲಿನೂ ಅವ್ರ ಮಾಡಿಕೊಡ್ಲಿ’ ಎಂದರು.

ಅವರ ನಾಲಿಗೆಯ ಹರಿತಕ್ಕೆ ಇನ್ನೊಂದು ಸಾಕ್ಷಿ ಇದೆ. ನೆರೆಮನೆಯ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಸಾಮಾನಿನ ಪಟ್ಟಿ, ಅಕ್ಕಿಯಿಂದ ಗೋಡಂಬಿಯವರೆಗೆ ಉದ್ದಕ್ಕೂ, ಬಳ್ಳಾರಿಗೆ ಹೋಗಿತ್ತು. ವರ್ಷವಿಡೀ ಬರೆಸಿದ ಅಂಗಡಿಗೆ ಒಂದು ಮಾತೂ ಹೇಳಿರಲಿಲ್ಲ. ಚಪ್ಪರ ಹಾಕುವ ದಿನ ಸಂಜೆ ಅಕ್ಕ ಬೆಂಕಿಪೊಟ್ಟಣ, ಕರ್ಪೂರ, ಅರ್ಧ ಕೆ.ಜಿ. ಸಕ್ಕರೆಗೆಂದು ಬಂದಳು. ಕಣ್ಣು ನೆಲದ ಮೇಲೆ. ಶೆಟ್ಟರು ತೂಗಿ, ಕಟ್ಟಿ, ಮುಂದಿಟ್ಟು ಹೇಳಿದರು:

‘ಇರ್ಲಿ ಬಿಡವ್ವ. ಮದಿವಿ ಪಟ್ಟಿ ಬಳ್ಳಾರಿಗೆ ಹೋದ್ರೇನಾತು, ತೊಟ್ಲ ಪಟ್ಟಿ ನನಗ ಬರ್ತೈತೆ.’

ಅಕ್ಕ ನಕ್ಕುಬಿಟ್ಟಳು. ನಕ್ಕು, ಸಕ್ಕರೆ ಪೊಟ್ಟಣ ಸೆರಗಿನಲ್ಲಿ ಹಿಡಿದು, ಹೊಸ್ತಿಲು ದಾಟುವಾಗ ‘ಬರ್ಕೋರಿ ಶೆಟ್ರೆ’ ಎಂದಳು. ‘ಯಾವ ಪುಟಕ್ಕ?’ ಎಂದು ಅವರು ಒಳಗಿನಿಂದ ಕೂಗಿದರು.