ಸುಮ್ಮನೆ ನಿಂತಿದ್ದಕ್ಕೂ ಕೂಲಿ

ಬಿಡಿಭಾಗಕ್ಕೆ ದುಡ್ಡು ಕೊಡಲು ನನಗೆ ಕಷ್ಟವಿಲ್ಲ. ಹೊಸ ವಾಟರ್ ಪಂಪು, ಹೋಸ್ ಪೈಪು, ಕ್ಲಿಪ್ಪು, ಕೂಲೆಂಟಿನ ಡಬ್ಬಿ, ಎಲ್ಲದರ ಮೇಲೂ ಎಂಆರ್‌ಪಿ ಅಚ್ಚಾಗಿರುತ್ತದೆ. ಬಿಚ್ಚಿದ ಹಳೆಯ ಪಂಪನ್ನು ಕೈಗೆ ಕೊಡುತ್ತಾರೆ, ತಿರುಗಿಸಿ ನೋಡಿ ಗೊತ್ತಿದ್ದವನಂತೆ ತಲೆಯಾಡಿಸುತ್ತೇನೆ. ಬಿಚ್ಚಿ ಜೋಡಿಸಿದ ಕೂಲಿಗೂ ತಕರಾರಿಲ್ಲ, ಗ್ರೀಸು ಮೆತ್ತಿದ ಕೈ ಎದುರಿಗೇ ಇರುತ್ತದೆ. ಮನಸ್ಸು ಬಿಗಿಯುವುದು ಬಿಲ್ಲಿನ ಕೊನೆಯ ಸಾಲಿಗೆ ಬಂದಾಗ. ದೊಡ್ಡಬಳ್ಳಾಪುರದಲ್ಲಿ ನಾನು ಕಾರು ಬಿಡುವ ಗ್ಯಾರೇಜಿನ ಮೇಸ್ತ್ರಿ ಆ ಸಾಲನ್ನು ಬಾಲ್‌ಪೆನ್ನಿನಲ್ಲಿ ಹೀಗೆ ಬರೆದಿದ್ದರು: ‘ಏರ್ ತೆಗೆದಿದ್ದು – 400’. ಗಾಳಿ ತುಂಬಿಸುವುದಕ್ಕೇ ಬಂಕಿನಲ್ಲಿ ದುಡ್ಡು ಕೇಳುವುದಿಲ್ಲ, ತೆಗೆಯುವುದಕ್ಕೆ ನಾನೂರೇ ಎಂಬ ಕುಹಕ ನಾಲಿಗೆಯ ತುದಿಯವರೆಗೆ ಬಂದಿತ್ತು. ಆಡಲಿಲ್ಲ. ಅದು ಸೌಜನ್ಯವೇನಲ್ಲ; ಮುಂದಿನ ಸಲವೂ ಅಲ್ಲಿಗೇ ಹೋಗಬೇಕಲ್ಲ ಎಂಬ ಲೆಕ್ಕಾಚಾರ.

ಆ ಕುಹಕ ನನ್ನೊಳಗೆ ಎಲ್ಲಿ ಕೂತಿತ್ತು ಎಂದು ಹುಡುಕುವ ಮೊದಲು ಆ ನಾನೂರು ರೂಪಾಯಿಗೆ ನಡೆದದ್ದೇನು ಎಂದು ಹೇಳಬೇಕು. ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಎಲ್ಲವನ್ನೂ ನೋಡಿದವನು ನಾನು.

ಪಂಪು ಬದಲಿಸಬೇಕಾದರೆ ಕೂಲೆಂಟನ್ನು ಇಳಿಸಬೇಕು. ಅದು ಇಳಿದ ಜಾಗಕ್ಕೆಲ್ಲ ಗಾಳಿ ಹೊಕ್ಕು ಕೂರುತ್ತದೆ. ಮತ್ತೆ ಮೇಲಿನಿಂದ ಸುರಿದಾಗ ರೇಡಿಯೇಟರ್ ಬಾಯಿಯವರೆಗೆ ತುಂಬಿದಂತೆ ಕಂಡರೂ ಸಿಲಿಂಡರ್ ಹೆಡ್ಡಿನ ಮೇಲ್ಮೂಲೆಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಪುಟ್ಟ ರೇಡಿಯೇಟರಿನಲ್ಲಿ, ಹೋಸು ಬಾಗಿ ಮೇಲೆದ್ದ ಕಡೆಯಲ್ಲಿ ಗಾಳಿ ಸಿಕ್ಕಿಕೊಂಡೇ ಇರುತ್ತದೆ. ಅಂಬಾಸಡರಿನಂಥ ಹಳೆಯ ಗಾಡಿಗಳಲ್ಲಿ ರೇಡಿಯೇಟರ್ ಎತ್ತರವಾಗಿ ನಿಂತಿರುತ್ತಿತ್ತು, ಅದರ ಮುಚ್ಚಳವೇ ತುತ್ತತುದಿ. ಗಾಳಿ ಬಹುಪಾಲು ತಾನಾಗಿ ಮೇಲೆದ್ದು ಹೋಗುತ್ತಿತ್ತು. ಈಗಿನ ಕಾರುಗಳ ಮೂತಿ ತಗ್ಗು. ಎಷ್ಟೋ ಗಾಡಿಗಳಲ್ಲಿ ರೇಡಿಯೇಟರಿಗಿಂತ ಎಂಜಿನ್ನಿನ ತಲೆಯೇ ಎತ್ತರದಲ್ಲಿರುತ್ತದೆ. ಅದಕ್ಕೆಂದೇ ಕಂಪನಿಯವರು ಎಲ್ಲೋ ಮೇಲೊಂದು ಬ್ಲೀಡ್ ಸ್ಕ್ರೂ ಇಡುತ್ತಾರೆ, ಇಲ್ಲವೇ ಕೂಲೆಂಟ್ ಟ್ಯಾಂಕನ್ನೇ ಎಲ್ಲಕ್ಕಿಂತ ಮೇಲೆ ಕೂರಿಸುತ್ತಾರೆ.

ಗಾಳಿ ಉಳಿದರೆ ಏನಾಯಿತು? ಪಂಪಿನ ರೆಕ್ಕೆ ನೀರನ್ನು ತಳ್ಳಬಲ್ಲದು, ಗಾಳಿ ಸಿಕ್ಕರೆ ಬರಿದೇ ಸುತ್ತುತ್ತದೆ. ಶಾಖ ಹೊರುವುದರಲ್ಲಿ ಗಾಳಿ ನೀರಿನ ಹತ್ತಿರಕ್ಕೂ ಬಾರದು. ಅದು ಕೂತಲ್ಲಿ ಲೋಹ ಕಾದು, ಸುತ್ತಲಿನ ಕೂಲೆಂಟ್ ಆವಿಯಾಗಿ, ಅಲ್ಯೂಮಿನಿಯಂ ಹೆಡ್ಡು ಬೆಂಡಾಗಬಹುದು, ಗ್ಯಾಸ್ಕೆಟ್ ಹೋಗಬಹುದು. ಇದಕ್ಕಿಂತ ಕೆಟ್ಟದ್ದು ಮೀಟರಿನ ಸುಳ್ಳು. ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಮಾತು ನಂಬಬಹುದು. ಗಾಳಿಯಲ್ಲಿ ನೇತಾಡುತ್ತಿದ್ದರೆ ಒಳಗೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ನಡುವಿನಲ್ಲೇ ಮಲಗಿರಬಹುದು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ರಿಂಗ್ ರಸ್ತೆಯಲ್ಲಿ ಎದುರುಗಾಳಿ ಹೊಡೆಯುತ್ತಿರುವಾಗ ಈ ರೋಗ ಗೊತ್ತೇ ಆಗದಿರಬಹುದು. ಮನೆಮಂದಿಯನ್ನೆಲ್ಲ ತುಂಬಿಕೊಂಡು 1478 ಮೀಟರಿನ ನಂದಿಬೆಟ್ಟ ಹತ್ತುವಾಗ ಗೊತ್ತಾಗುತ್ತದೆ.

ಎತ್ತರದ ಮಾತು ಬಂತು. ದೊಡ್ಡಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಡಿಯ ಕೂಲೆಂಟ್ ಅಷ್ಟಕ್ಕೆ ಕುದಿಯದಂತೆ ತಡೆಯುವುದು ಅದರಲ್ಲಿರುವ ಗ್ಲೈಕಾಲ್ ಮತ್ತು ಒತ್ತಡ ಹಿಡಿದಿಡುವ ಮುಚ್ಚಳ. ಬೋರಿನ ನೀರು ಹುಯ್ದುಕೊಂಡು ಓಡಿಸುವವರು ನಮ್ಮಲ್ಲಿ ಕಮ್ಮಿಯಿಲ್ಲ. ನಮ್ಮ ಸೀಮೆಯ ಬೋರ್ ನೀರು ಗಡಸು, ಒಳಗೆಲ್ಲ ಹಕ್ಕಳೆ ಕಟ್ಟುತ್ತದೆ. ಅದು ಬೇರೆಯೇ ಕತೆ.

ಮೇಸ್ತ್ರಿ ಮಾಡಿದ್ದಿಷ್ಟು. ಮುಂದಿನ ಚಕ್ರಗಳನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಕಾರಿನ ಮೂತಿ ಮೇಲೆತ್ತಿದರು, ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಲಿ ಎಂದು. ತಣ್ಣಗಿದ್ದ ಎಂಜಿನ್ನಿಗೆ ಆಲಿಕೆ ಇಟ್ಟು ನಿಧಾನಕ್ಕೆ ಕೂಲೆಂಟ್ ಹುಯ್ದರು. ಮುಚ್ಚಳ ಹಾಕದೆಯೇ ಸ್ಟಾರ್ಟ್ ಮಾಡಿ ಐಡ್ಲಿಂಗಿನಲ್ಲಿ ಬಿಟ್ಟು, ಹೀಟರನ್ನು ಪೂರ್ತಿ ತಿರುಗಿಸಿದರು. ಆಮೇಲೆ ಸುಮ್ಮನೆ ನಿಂತರು.

ನಿಂತೇ ಇದ್ದರು. ಎಂಜಿನ್ ತಣ್ಣಗಿರುವವರೆಗೆ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ಎಂಜಿನ್ನಿಗೂ ರೇಡಿಯೇಟರಿಗೂ ಮಾತುಕತೆ ಇರುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಅದು ತೆರೆಯುವುದು 80ರಿಂದ 90 ಡಿಗ್ರಿಯ ನಡುವೆ. ಅಲ್ಲಿಯವರೆಗೆ ಎಷ್ಟು ಸುರಿದರೂ ತುಂಬಿದ ಲೆಕ್ಕವಲ್ಲ. ಆಗಾಗ ಒಂದು ಗುಳ್ಳೆ ಬಂದು ಒಡೆಯುತ್ತಿತ್ತು. ಮೇಲಿನ ಹೋಸನ್ನು ಬಟ್ಟೆ ಸುತ್ತಿದ ಕೈಯಲ್ಲಿ ಅದುಮಿ ಬಿಡುತ್ತಿದ್ದರು, ಇನ್ನೆರಡು ಗುಳ್ಳೆ. ಒಮ್ಮೆ ಗುಳುಕ್ಕೆಂದು ಆಲಿಕೆಯ ಮಟ್ಟ ಇಳಿಯಿತು: ಥರ್ಮೋಸ್ಟಾಟ್ ತೆರೆದಿತ್ತು. ಮತ್ತಷ್ಟು ಹುಯ್ದು, ಮತ್ತೆ ನಿಂತರು. ಶಿವರಾತ್ರಿ ಕಳೆದ ಬಿಸಿಲು. ಆ ಬಿಸಿಲಿನಲ್ಲಿ ಕಾರಿನೊಳಗೆ ಕೂತು ಹೀಟರಿನ ಕಿಂಡಿಗೆ ಕೈ ಒಡ್ಡಿ, ‘ಇನ್ನೂ ತಣ್ಣಗೇ ಬತ್ತಾ ಐತೆ ಸಾರ್’ ಎಂದರು. ಎಂಜಿನ್ ಕಾದಿದ್ದೂ ಹೀಟರ್ ತಣ್ಣಗೆ ಊದುತ್ತಿದ್ದರೆ ಅಲ್ಲಿ ಇನ್ನೂ ಗಾಳಿ ಹಿಡಿದಿದೆ ಎಂದರ್ಥ.

‘ಆಯ್ತೇನಪ್ಪಾ?’ ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಗೊಮ್ಮೆ ಅವರು, ‘ನಾನೇನೂ ಮಾಡಾಂಗಿಲ್ಲ ಸಾರ್, ಅದಾಗೇ ಬರಬೇಕು. ನೀವು ಟೀ ಕುಡ್ಕೊಂಡು ಬನ್ನಿ’ ಎಂದರು. ಈ ‘ನಾನೇನೂ ಮಾಡಾಂಗಿಲ್ಲ’ ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬಿಲ್ಲು ಬಂದಾಗ ನನ್ನೊಳಗಿನ ವಕೀಲ ಎದ್ದು ನಿಂತದ್ದು ಅದೇ ಮಾತನ್ನು ಆಧಾರವಾಗಿಟ್ಟುಕೊಂಡು. ಏನೂ ಮಾಡಲಿಲ್ಲವೆಂದು ಅವರೇ ಒಪ್ಪಿಕೊಂಡ ಮೇಲೆ ಯಾತಕ್ಕೆ ದುಡ್ಡು? ಪಕ್ಕದಲ್ಲಿ ಇನ್ನೊಂದು ಗಾಡಿ ಬಾನೆಟ್ ತೆರೆದು ನಿಂತಿತ್ತು, ಅದರ ಮಾಲೀಕ ನನಗಿಂತ ಚಡಪಡಿಸುತ್ತಿದ್ದ. ಮೇಸ್ತ್ರಿ ಆ ಕಡೆ ಹೋಗಲಿಲ್ಲ. ಒಂದು ಕಣ್ಣು ಆಲಿಕೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ, ಕಿವಿ ಫ್ಯಾನು ಯಾವಾಗ ಶುರುವಾಗುತ್ತದೆಂದು. ಇದನ್ನೆಲ್ಲ ಕಂಡೂ ಲೆಕ್ಕಕ್ಕೆ ಹಿಡಿಯದ ಕಣ್ಣು ನನ್ನದು.

ನಾನು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವವನು. ವೆಚ್ಚ ಲೆಕ್ಕಶಾಸ್ತ್ರದ ತರಗತಿಯಲ್ಲಿ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ: ಕೆಲಸದ ಸ್ವಭಾವದಿಂದಲೇ ತಪ್ಪಿಸಲಾಗದ ಖಾಲಿ ಸಮಯದ ಕೂಲಿ ಉತ್ಪಾದನೆಯ ವೆಚ್ಚಕ್ಕೇ ಸೇರತಕ್ಕದ್ದು. ಪರೀಕ್ಷೆಯಲ್ಲಿ ಇದನ್ನು ತಪ್ಪಾಗಿ ಬರೆದವರಿಗೆ ಅಂಕ ಕಳೆಯುತ್ತೇನೆ. ಅದೇ ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ಕೈಕಟ್ಟಿ ಓಡಾಡಿ, ಯಾರೂ ಕಾಪಿ ಹೊಡೆಯದಿದ್ದರೆ ಏನನ್ನೂ ಮಾಡದೆ, ಮೇಲ್ವಿಚಾರಣೆಯ ಭತ್ಯೆಗೆ ಸಹಿ ಹಾಕುತ್ತೇನೆ. ಆ ಭತ್ಯೆಯನ್ನು ಯಾರಾದರೂ ಪ್ರಶ್ನಿಸಿದರೆ ಸಂಘದ ಅಧ್ಯಕ್ಷರಿಗೆ ಮೊದಲು ಫೋನು ಮಾಡುವವನು ನಾನೇ.

ಈ ಬುದ್ಧಿಯ ಬೇರನ್ನು ಹುಡುಕಿದರೆ ಅದು ಮಗ್ಗದ ಸದ್ದಿನಲ್ಲಿ ಸಿಗುತ್ತದೆ. ನಮ್ಮೂರು ವಿದ್ಯುತ್ ಮಗ್ಗಗಳ ಊರು. ಅಪ್ಪ ಬೇರೆಯವರ ಮಗ್ಗದಲ್ಲಿ ಸೀರೆಯ ಲೆಕ್ಕದ ಕೂಲಿಗೆ ನೇಯುತ್ತಿದ್ದರು. ಸೀರೆ ಇಳಿದರೆ ಕಾಸು. ಎಳೆ ಕಡಿದು ಗಂಟು ಹಾಕುತ್ತಾ ನಿಂತ ಹೊತ್ತಿಗೆ, ಕರೆಂಟು ಹೋಗಿ ಕಾದ ಹೊತ್ತಿಗೆ ಏನೂ ಇಲ್ಲ. ಬೆಳಗಿನಿಂದ ಸಂಜೆವರೆಗೆ ಮಗ್ಗದ ಮುಂದೆ ನಿಂತು ಬಂದ ದಿನವೂ, ಬಟ್ಟೆ ಇಳಿಯದಿದ್ದರೆ, ‘ಇವತ್ತು ಕೆಲಸ ಇಲ್ಲ’ ಎಂದೇ ಹೇಳುತ್ತಿದ್ದರು. ಮಡಚಿ ತೋರಿಸಲಾಗದ್ದು ಕೆಲಸವಲ್ಲ ಎಂದು ನಾನು ಕಲಿತದ್ದು ಅಲ್ಲಿ. ಅಪ್ಪನಿಗೆ ಆದ ಅನ್ಯಾಯವನ್ನೇ ಅಳತೆಗೋಲು ಮಾಡಿಕೊಂಡು ನಾನು ಇನ್ನೊಬ್ಬರ ಕೂಲಿ ಅಳೆಯುತ್ತಿದ್ದೇನೆ. ಕಾರಣ ಗೊತ್ತಾಯಿತೆಂದು ತಪ್ಪು ಕರಗುವುದಿಲ್ಲ. ಅಹಂಕಾರದ ಗಾಳಿ, ಗುಳ್ಳೆ ಎಂದೆಲ್ಲ ಉಪಮೆ ಹೊಸೆಯಲು ಇಲ್ಲಿ ಒಳ್ಳೆಯ ಅವಕಾಶವಿದೆ, ಬೇಡ. ನನ್ನೊಳಗಿರುವುದು ಗಾಳಿಯಲ್ಲ, ಜಿಪುಣತನ.

ಅದೂ ಎಲ್ಲರ ಮುಂದೆ ಏಳುವ ಜಿಪುಣತನವಲ್ಲ. ದೊಡ್ಡ ಸರ್ವೀಸ್ ಸೆಂಟರುಗಳಲ್ಲಿ ಇದೇ ಕೆಲಸಕ್ಕೆ ವ್ಯಾಕ್ಯೂಮ್ ಉಪಕರಣವಿದೆ. ಒಳಗಿನ ಗಾಳಿಯನ್ನು ಮೊದಲೇ ಹೀರಿ ತೆಗೆದು, ಆ ಎಳೆತದಿಂದಲೇ ಕೂಲೆಂಟ್ ಒಳಹೋಗುವಂತೆ ಮಾಡುತ್ತಾರೆ; ಕೆಲವೇ ನಿಮಿಷ. ಅಲ್ಲಿ ಕಂಪ್ಯೂಟರ್ ಬಿಲ್ಲು, ಶೇಕಡಾ 18ರ ಜಿಎಸ್‌ಟಿ, ಎಸಿ ಹಾಕಿದ ಕಾಯುವ ಕೋಣೆ. ಕಾರ್ಡು ತೆಗೆದು ಉಜ್ಜಿ ಬರುತ್ತೇನೆ, ಸಾಲುಗಳನ್ನು ಓದುವುದೂ ಇಲ್ಲ. ಯಂತ್ರಕ್ಕೆ ಕೊಡುವ ಮರ್ಯಾದೆ ಅದೇ ಕೆಲಸವನ್ನು ಕಾದು ಮಾಡುವ ಮನುಷ್ಯನಿಗಿಲ್ಲ. ನನ್ನ ಕುಹಕ ಏಳುವುದು ಬಾಲ್‌ಪೆನ್ನಿನ ಬಿಲ್ಲು ಕಂಡಾಗ ಮಾತ್ರ.

ತೂಬಗೆರೆ ಹೋಬಳಿಯ ನನ್ನ ಸೋದರಮಾವನಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದರು. ಅವರ ತೆರೆದ ಬಾವಿಯ ಮೋಟರು ಬೇಸಿಗೆಯಲ್ಲಿ ಆಗಾಗ ‘ಗಾಳಿ ಹಿಡಿಯುತ್ತಿತ್ತು’. ಫುಟ್‌ವಾಲ್ವ್ ಸೋರಿ ಪೈಪು ಬರಿದಾದರೆ ಮೋಟರು ಗುಂಯ್‌ಗುಡುತ್ತದೆ, ನೀರು ಮಾತ್ರ ಏಳುವುದಿಲ್ಲ. ಕೊಡಗಟ್ಟಲೆ ನೀರು ಹುಯ್ಯಬೇಕು, ಗಾಳಿ ಎಳೆಯುವ ಸಂದಿಗೆ ಸಗಣಿ ಮೆತ್ತಬೇಕು, ಗುಳ್ಳೆ ನಿಲ್ಲುವವರೆಗೆ ಕೂರಬೇಕು. ಕಾರಿನ ಪಂಪಿಗೂ ಬಾವಿಯ ಪಂಪಿಗೂ ತತ್ತ್ವ ಒಂದೇ. ಅವರು ಆ ಹೊತ್ತನ್ನು ವ್ಯರ್ಥವೆಂದು ಎಂದೂ ಅನ್ನಲಿಲ್ಲ, ಅದು ನೀರು ಕಟ್ಟುವುದರ ಒಂದು ಭಾಗ. ಬಾವಿಗಳು ಬತ್ತಿ, ಬೋರುಗಳು ಸಾವಿರ ಅಡಿ ದಾಟಿದವು. ಸಬ್‌ಮರ್ಸಿಬಲ್ ಮೋಟರು ನೀರಿನಲ್ಲೇ ಮುಳುಗಿರುವುದರಿಂದ ಈಗ ಮನೆಯಿಂದಲೇ ಸ್ವಿಚ್ಚು ಒತ್ತುತ್ತಾರೆ, ಗುಳ್ಳೆ ನೋಡುತ್ತಾ ಕೂರುವ ಕೆಲಸವೇ ಇಲ್ಲ.

ನನ್ನಂಥ ಗಿರಾಕಿಗಳು ಇನ್ನೊಂದು ಕೆಡುಕನ್ನೂ ಮಾಡುತ್ತೇವೆ. ಕಾಯುವುದಕ್ಕೆ ಕೂಲಿ ಕೊಡದಿದ್ದರೆ ಕಾಯುವವರು ಇರುವುದಿಲ್ಲ. ಹುಯ್ದು, ಮುಚ್ಚಳ ತಿರುಗಿಸಿ, ಕೀ ಕೈಗಿಡುತ್ತಾರೆ. ‘ಬೇಗ ಮಾಡಪ್ಪಾ’ ಎಂದವರಿಗೆ ಬೇಗನೇ ಮಾಡಿಕೊಡುತ್ತಾರೆ. ಹೆಡ್ ಗ್ಯಾಸ್ಕೆಟ್ ಬಿಚ್ಚುವ ಖರ್ಚಿನ ಮುಂದೆ ನಾನೂರು ರೂಪಾಯಿ ಎಷ್ಟರದು ಎಂಬ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳೂ ಮಾಡಬಲ್ಲರು. ನಾನು ಪೂರ್ತಿ ಬದಲಾಗಿದ್ದೇನೆಂದು ಹೇಳಲಾರೆ. ಮೊನ್ನೆ ಪ್ಲಂಬರ್ ಟ್ಯಾಂಕು ತುಂಬುವುದನ್ನು ನೋಡುತ್ತಾ ನಿಂತಾಗಲೂ ಗಡಿಯಾರ ನೋಡಿದೆ.

ನೀವು ರೇಡಿಯೇಟರ್, ಹೋಸು, ಪಂಪು, ಥರ್ಮೋಸ್ಟಾಟ್ ಯಾವುದರ ಕೆಲಸ ಮಾಡಿಸಿದರೂ ಏರ್ ತೆಗೆದರೇ ಎಂದು ಕೇಳಿ, ತೆಗೆದಿದ್ದರೆ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಮರುದಿನ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕೂಲೆಂಟಿನ ಮಟ್ಟ ನೋಡಿ, ಉಳಿದಿದ್ದ ಗಾಳಿ ಹೊರಟುಹೋಗಿ ಮಟ್ಟ ಸ್ವಲ್ಪ ಇಳಿದಿರಬಹುದು, ಅಷ್ಟನ್ನು ತುಂಬಿ. ಓಡಿಸಿ ಬಂದ ಬಿಸಿ ಗಾಡಿಯ ಮುಚ್ಚಳವನ್ನು ಮಾತ್ರ ಯಾವ ಅವಸರಕ್ಕೂ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ.