ಐಚ್ಛಿಕ ಪತ್ರಿಕೆ

ಎಂ.ಎ. ಕನ್ನಡಕ್ಕೆ ಸೀಟು ಸಿಕ್ಕಾಗ ಮನೆಯವರು ಎಲ್ಲ ಮುಗಿಯಿತೆಂದುಕೊಂಡರು. ಲೆಕ್ಕಾಚಾರ ಶುರುವಾದದ್ದೇ ಆಮೇಲೆ. 2014ರಲ್ಲಿ ಊರು ಕಲಬುರಗಿಯಾದರೂ 1980ರ ವಿಶ್ವವಿದ್ಯಾಲಯ ಇನ್ನೂ ಗುಲಬರ್ಗಾ. ನೋಂದಣಿ ಅರ್ಜಿಯಲ್ಲಿ ಎರಡೂ ಹೆಸರು ಬರೆದೆ. ಕಡ್ಡಾಯ ಪತ್ರಿಕೆಗಳಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಆರಿಸಲು ಇದ್ದದ್ದು ಐಚ್ಛಿಕವೊಂದೇ.

ನನ್ನ ಮನಸ್ಸು ಶಾಸನಶಾಸ್ತ್ರದ ಮೇಲೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮದೇ ಜಿಲ್ಲೆಯಲ್ಲಿದೆ. ಇಲ್ಲಿದ್ದೂ ಹಳಗನ್ನಡದ ಕಲ್ಲು ಓದಲು ಬಾರದಿದ್ದರೆ ಎಂ.ಎ. ಯಾಕೆ? ಆದರೆ ಆ ತರಗತಿ ವಾರಕ್ಕೆರಡು ದಿನ, ಕೊನೆಯ ಅವಧಿಯಲ್ಲಿ. ಮುಗಿಸಿ ಜ್ಞಾನಗಂಗಾ ಆವರಣದಿಂದ ಬಸ್ ಸ್ಟ್ಯಾಂಡಿಗೆ ಬಂದು ಹುಮನಾಬಾದ್ ಬಸ್ಸು ಹಿಡಿದರೆ ಕಮಲಾಪುರ ತಲುಪುವಾಗ ಕತ್ತಲು. ಶಕ್ತಿ ಯೋಜನೆ ಬಂದ 2023ರಿಂದ ಟಿಕೆಟ್ಟಿನ ಚಿಂತೆಯಿಲ್ಲ, ಹೊತ್ತಿನ ಚಿಂತೆ ಹಾಗೇ ಇದೆ. ಹಾಸ್ಟೆಲ್ ಸೇರಬಹುದಿತ್ತು, ಆದರೆ ಕೆಂಪು ಬಾಳೆಯ ತೋಟಕ್ಕೆ ಬೆಳಿಗ್ಗೆ ನೀರು ಬಿಡುವವಳು ನಾನೇ.

"ಮಧ್ಯಾಹ್ನ ಮುಗಿಯೋ ಪೇಪರ್ ತಗೋ, ಮಾರ್ಕ್ಸೂ ಬರ್ತಾವ" ಎಂದರು ಸೀನಿಯರ್ ಅಕ್ಕ. ಬುದ್ಧಿಮಾತೇ. ಎರಡು ರಾತ್ರಿ ವೇಳಾಪಟ್ಟಿಯ ಪಕ್ಕ ಬಸ್ಸಿನ ಸಮಯ ಬರೆದು ನೋಡಿದೆ, ಹೊಂದಲಿಲ್ಲ.

ಅವ್ವ ಕೇಳಿದ್ದು ಒಂದೇ: "ಆ ಕಲ್ಲಾಗ ಏನ್ ಬರ್ದಿರ್ತಾರ?"

"ಯಾರು ಎಷ್ಟು ಹೊಲ ದಾನ ಕೊಟ್ರು, ಅದರ ಗಡಿ ಎಲ್ಲಿ ಅಂತ."

ನಮ್ಮ ಬದುವಿನ ತಕರಾರು ಇನ್ನೂ ಬಗೆಹರಿದಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಂದ್ರ ಕಲಿ. ಎರಡ್ ದಿನ ಬ್ಯಾಟ್ರಿ ಹಿಡ್ಕೊಂಡು ಸ್ಟ್ಯಾಂಡಿಗಿ ನಾ ಬರ್ತೀನಿ."

ಮರುದಿನ ಶುಲ್ಕ ಕಟ್ಟಿ ಅರ್ಜಿ ಕೊಟ್ಟೆ.